ಪ್ಲೇಟಿನ ಕೆಳಗಿನ ಹಸಿರು

ನಂದಿನಿ ಹಿಂದಿನ ಗೇಟಿನ ಸರಪಳಿ ಬಿಚ್ಚಿದಳು. ಹೊರಗೆ ಅವಳಪ್ಪ ಅಂಬಪ್ಪ ಕುರಿಗಳಿಗೆ ಬಡಿಗೆ ಅಡ್ಡ ಹಿಡಿದು ನಿಂತಿದ್ದ.

“ಸೂಪರ್‌ವೈಸರ್ ಊಟಕ್ಕ ಹೋಗ್ಯಾನ. ಅವ ಬರೋದ್ರಾಗ ಹೊರಗ ಬಂದ್ಬಿಡಪ. ಕಂಡ್ರ ನನ್ನ ಕೆಲಸ ಹೋಕ್ಕೈತಿ.”

“ನೀ ಹೋಗವ್ವ, ನಾ ನೋಡ್ಕೋತೀನಿ.”

ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ರಸ್ತೆಯ ಮಗ್ಗುಲಿನ ಆ ದಿನ್ನೆ ಮೊದಲು ಊರ ಕುರಿಯೆಲ್ಲ ಮೇಯುತ್ತಿದ್ದ ಜಾಗ. ಸೋಲಾರ್ ಕಂಪನಿ ತಂತಿಬೇಲಿ ಎಳೆದ ಮೇಲೆ ಕಣ್ಣು ಹಾಯುವಷ್ಟು ದೂರ ಕರೆಂಟಿನ ಪ್ಲೇಟುಗಳೇ. ಬೇಲಿಯ ಹೊರಗೆ ಈ ಬೇಸಿಗೆ ಜಾಲಿಕಾಯಿಯೂ ಉಳಿದಿರಲಿಲ್ಲ. ಒಳಗೆ ಮಾತ್ರ, ಪ್ಲೇಟು ತೊಳೆದ ಟ್ಯಾಂಕರಿನ ನೀರು ಸೋರಿ ಸೋರಿ ಹುಲ್ಲು ಮೊಣಕಾಲುದ್ದ ಎದ್ದಿತ್ತು. ನಂದಿನಿ ದಿನವೂ ಅದನ್ನು ತುಳಿದುಕೊಂಡೇ ಪ್ಲೇಟು ತೊಳೆಯುವಳು. ನಿನ್ನೆ ಜ್ವರ ಬಂದು ಮನೆಯಲ್ಲಿ ಮಲಗಿದ್ದಾಗ ಗಬ್ಬದ ಕುರಿ ಹಸಿವಿಗೆ ಗೋಡೆಯ ಸುಣ್ಣ ನೆಕ್ಕುವುದನ್ನು ಕಂಡಿದ್ದಳು. ಅದಕ್ಕೇ ಇವತ್ತು ಈ ಧೈರ್ಯ.

ಮುಂಭಾಗದ ಸಾಲಿಗೆ ಬಂದು ಬ್ರಷ್ ಹಿಡಿದಾಗ ಜೊತೆಯ ಕರೀಮಾಬಿ ನಕ್ಕಳು.

“ಏನ್ ಬೇ, ಮಾರ್ಯಾಗ ರಗತಾನ ಇಲ್ಲ. ಬಾಡಿಗಿ ಮಾರಿ ತಂದೀಯೇನು?”

“ಜ್ವರ ಇತ್ತಲ್ಲಬೇ.”

“ಪುಣ್ಯಾ ಮಾಡಿದ್ದಿ, ನಿನ್ನಿ ತಪ್ಪಿಸ್ಕೊಂಡಿ. ಹಿಂದಿನ ಗೇಟಿನ ಕಡಿ ಹುಲ್ಲಿನ ನೆರಳು ಪ್ಲೇಟಿಗೆ ಬೀಳತೈತಿ, ಕರೆಂಟ್ ಕಮ್ಮಿ ಬರತೈತಂತ ಸಂಜಿಮುಂದ ಎಣ್ಣಿ ಹೊಡಿಸಿದ್ರು. ನನ್ನ ಗಂಟಲಾ ಇನ್ನಾ ಉರಿಯಾಕತ್ತೈತಿ.”

“ಎಂಥಾ ಎಣ್ಣಿ?”

“ಹುಲ್ಲು ಸಾಯೋ ವಿಷಾ ಬೇ. ಇವತ್ತು ಹಸರ ಕಾಣತೈತಿ, ನಾಳಿ ನೋಡು.”

ನಂದಿನಿ ಬ್ರಷ್ ಬಿಸಾಡಿ ಹಿಂದಿನ ಗೇಟಿನತ್ತ ಓಡಿದಳು. ದಾರಿಯಲ್ಲಿ ಸೂಪರ್‌ವೈಸರ್ ವೀರೇಶನ ಬೈಕು ಎದುರಾಯಿತು. “ಏ ನಂದಿನಿ, ಎಲ್ಲಿಗೆ?” ಎಂದು ಕೂಗಿ ಅವನು ಬೈಕು ತಿರುಗಿಸಿದ. ಅವಳು ನಿಲ್ಲಲಿಲ್ಲ.

“ನೋಡವ್ವ, ಹೊಟ್ಟಿ ಹೆಂಗ ತುಂಬ್ಯಾವ!” ಅಂಬಪ್ಪ ನಕ್ಕ. ಅವನು ಹಾಗೆ ನಕ್ಕು ಎಷ್ಟೋ ದಿನವಾಗಿತ್ತು.

“ವಿಷಾ ಅಪ್ಪಾ… ವಿಷಾ ಹೊಡದಾರ ಇದಕ್ಕ!”

ನಗು ಅವನ ಮುಖದ ಮೇಲೇ ನಿಂತುಬಿಟ್ಟಿತು. ನಂತರ ಬಡಿಗೆ ಎತ್ತಿ ಕುರಿಗಳ ಬೆನ್ನ ಮೇಲೆ, ತಲೆಯ ಮೇಲೆ, ಸಿಕ್ಕಲ್ಲಿ ಬಡಿಯತೊಡಗಿದ. ಎಷ್ಟೋ ದಿನದಿಂದ ಹಸಿದಿದ್ದ ಅವು ಪೆಟ್ಟು ತಿಂದು ಒಂದು ಹೆಜ್ಜೆ ಸರಿದು ಮತ್ತೆ ಬಾಯಿ ಹಾಕಿದವು.

ನಂದಿನಿ ಗಬ್ಬದ ಕುರಿಯ ದವಡೆ ಅಗಲಿಸಿ ಬೆರಳು ತೂರಿದಳು. ನಾಲ್ಕು ಹುಲ್ಲೆಸಳು ಕೈಗೆ ಬಂದವು. ಬೈಕಿನ ಸದ್ದು ಗೇಟಿನ ಹತ್ತಿರ ಬಂದು ನಿಂತಿತು. ಅವಳು ತಿರುಗಿ ನೋಡಲಿಲ್ಲ. ಕೈ ಬಿಟ್ಟ ಕೂಡಲೇ ಕುರಿ ಕಣ್ಣು ಅರೆ ಮುಚ್ಚಿ ಬಾಯಲ್ಲಿ ಉಳಿದದ್ದನ್ನು ಮೆಲ್ಲತೊಡಗಿತು. ಸ್ವಲ್ಪ ಹೊತ್ತಿನ ಮುಂಚೆ ತೊಳೆದ ಪ್ಲೇಟಿನ ಅಂಚಿನಿಂದ ಒಂದೊಂದೇ ಹನಿ ಅದರ ಬೆನ್ನ ಮೇಲೆ ಬೀಳುತ್ತಿತ್ತು.