ಕಾರಣ: ಸೈಕಲ್ ರೇಸು

ನಮ್ಮದು ಹಲ್ಲಿನ ಸೆಟ್ಟು ತಯಾರಿಸುವ ಕಾರ್ಖಾನೆ. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ. ನಾವು ಹನ್ನೆರಡು ಜನ ಅದಕ್ಕೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ವಸಡು ಕಟ್ಟಿ, ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುತ್ತೇವೆ. ಬೀದಿಯಲ್ಲಿ ಎದುರಾಗುವ ನಗುಗಳಲ್ಲಿ ಯಾವುದು ಸ್ವಂತದ್ದು, ಯಾವುದು ನಮ್ಮದು ಎಂದು ಹೇಳಬಲ್ಲೆವು; ಹೇಳುವುದಿಲ್ಲ, ಅಷ್ಟೆ. ಆದರೆ ನಮ್ಮವರ ನಿಜವಾದ ಕೈಚಳಕ ನೋಡಬೇಕೆಂದರೆ ಬಾಗಿಲ ಪಕ್ಕ ಮೊಳೆಗೆ ನೇತುಹಾಕಿರುವ ರಜಾ ಪುಸ್ತಕವನ್ನು ತೆರೆಯಬೇಕು.

ಅದರಲ್ಲಿ ನಾಲ್ಕು ಕಾಲಂ: ಹೆಸರು, ತಾರೀಖು, ಕಾರಣ, ಸಹಿ. ಕಾರಣದ ಕಾಲಂ ಎರಡು ಬೆರಳಗಲ. ‘ಜ್ವರ’ ಎಂಬುದು ಅದರಲ್ಲಿ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂರುತ್ತದೆ. ಪಾಲಿಶ್ ಮೇಜಿನವನ ಅಜ್ಜಿ ಆ ಕಾಲಂನಲ್ಲಿ ಮೂರು ಸಲ ತೀರಿಕೊಂಡಿದ್ದಾರೆ, ಒಂದು ಸಲ ಸೊಂಟ ಮುರಿದುಕೊಂಡಿದ್ದಾರೆ. ಸೊಂಟ ಮುರಿದದ್ದು ಎರಡನೆಯ ಸಾವಿನ ನಂತರ. ನನ್ನದು ತಲೆನೋವು. ಅದಕ್ಕೆ ಸಾಕ್ಷಿ ಬೇಕಿಲ್ಲ, ಮಾರನೆಯ ದಿನ ವಾಸಿಯಾದರೆ ಯಾರೂ ಹುಬ್ಬೇರಿಸುವುದಿಲ್ಲ. ಮೇಲ್ವಿಚಾರಕರಿಗೆ ಎಲ್ಲವೂ ಗೊತ್ತು. ಓದದೆ ಸಹಿ ಹಾಕುತ್ತಾರೆ. ಹೀಗೆ ಎಲ್ಲರೂ ಸುಖವಾಗಿದ್ದೆವು.

ಈ ಸುಖವನ್ನು ಕೆಡಿಸಿದವರು ಮೇಣದ ಮೇಷ್ಟ್ರು. ನನ್ನ ಪಕ್ಕದ ಕುರ್ಚಿಯವರು, ವಯಸ್ಸು ಐವತ್ತೊಂದು, ಮೇಣದ ಮೇಜಿನಲ್ಲಿ ಹತ್ತೊಂಬತ್ತು ವರ್ಷ. ಅಚ್ಚು ನೋಡಿಯೇ ಆ ಮನುಷ್ಯ ಯಾವ ಕಡೆಯಿಂದ ಅಗಿಯುತ್ತಾನೆ, ಹೆಂಡತಿಯ ಜೊತೆ ಜಗಳವಾಡುವಾಗ ಹಲ್ಲು ಕಚ್ಚುತ್ತಾನೋ ಇಲ್ಲವೋ ಎಂದು ಹೇಳುತ್ತಾರೆ. ಹೋದ ವರ್ಷ ಒಂದು ಸೋಮವಾರ ಅವರು ಗುರುವಾರದ ರಜೆಗೆಂದು ಪುಸ್ತಕದಲ್ಲಿ, ಗೆರೆ ದಾಟಿ ಸಹಿಯ ಕಾಲಂಗೂ ನುಗ್ಗುವಂತೆ, ದುಂಡಗೆ ಬರೆದರು: ‘ಸೈಕಲ್ ರೇಸು ನೋಡುವುದಕ್ಕೆ. ಬೆಟ್ಟದ ದಿನ.’

ವರ್ಷಕ್ಕೊಮ್ಮೆ, ಬೇರೆ ಯಾವುದೋ ದೇಶದಲ್ಲಿ, ಮೂರು ವಾರ, ದಿನಕ್ಕೊಂದು ಹಾದಿಯಂತೆ ನಡೆಯುವ ರೇಸು ಅದು; ಸವಾರರು ದೊಡ್ಡ ಬೆಟ್ಟ ಹತ್ತುವ ದಿನವೇ ಬೆಟ್ಟದ ದಿನ. ಮೇಷ್ಟ್ರು ಇಷ್ಟು ವರ್ಷ ಕೆಲಸ ಮುಗಿಸಿ, ಕೈಗಂಟಿದ ಮೇಣವನ್ನೂ ತೊಳೆಯದೆ ಓಡಿಹೋಗಿ, ಟಿವಿಯಲ್ಲಿ ಕೊನೆಯ ಒಂದು ಗಂಟೆ ನೋಡುತ್ತಿದ್ದರು. ಈ ಸಲ ಮೊದಲಿಂದ ಕೊನೆಯವರೆಗೆ ನೋಡಬೇಕಿತ್ತು. ಅದಕ್ಕೆ ಕಾರಣ ಅವರು ‘ನೀರಿನವನು’ ಎಂದು ಕರೆಯುವ ಒಬ್ಬ ಸವಾರ. ಹದಿನಾಲ್ಕು ವರ್ಷದಿಂದ ರೇಸಿನಲ್ಲಿದ್ದಾನೆ, ಒಂದನ್ನೂ ಗೆದ್ದಿಲ್ಲ. ಹಿಂದೆ ಬರುವ ತಂಡದ ಕಾರಿಗೆ ಹೋಗಿ, ಅಂಗಿಯೊಳಗೆ ಎಂಟು ಬಾಟಲಿ ತುರುಕಿಕೊಂಡು, ಗುಂಪನ್ನು ಮತ್ತೆ ಹಿಡಿದು, ತನ್ನವರಿಗೆ ಹಂಚುವುದು ಅವನ ಕೆಲಸ. ಇದು ಅವನ ಕೊನೆಯ ರೇಸು.

ಸಮಸ್ಯೆ ಏನೆಂದರೆ, ಮೇಣದ ಮೇಜಿನ ಹಿರಿಯರು ಆಗತಾನೇ ನಿವೃತ್ತರಾಗಿದ್ದರು. ಕಿಟಕಿಯ ಪಕ್ಕದ ಅವರ ಕುರ್ಚಿ ಖಾಲಿಯಿತ್ತು. ಹಲ್ಲಿನ ಬಣ್ಣಕ್ಕೆ ಹಲ್ಲು ಹೊಂದಿಸುವವರಿಗೆ ಕಿಟಕಿಯ ಬೆಳಕು ಎಂದರೆ ಏನೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಮೇಷ್ಟ್ರ ಕಣ್ಣು ಸಂಜೆಯ ಹೊತ್ತಿಗೆ ನೀರಾಡುತ್ತಿತ್ತು. ಒಂಬತ್ತು ವರ್ಷದಿಂದ ಅವರ ದೃಷ್ಟಿ ಆ ಕುರ್ಚಿಯ ಮೇಲೇ ಇತ್ತು. ಶನಿವಾರ ಮಾಲೀಕರು ಬಂದು, ರಜಾ ಪುಸ್ತಕ ತಿರುವಿ, ಯಾರನ್ನು ಕೂರಿಸಬೇಕೆಂದು ತೀರ್ಮಾನಿಸುವವರಿದ್ದರು. ಮೇಲ್ವಿಚಾರಕರು ಮೇಷ್ಟ್ರ ಹೆಸರನ್ನೇ ಹೇಳುವುದೆಂದು ಎಲ್ಲರಿಗೂ ಗೊತ್ತಿತ್ತು.

ಹಾಗಾಗಿ ಮೇಲ್ವಿಚಾರಕರು ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ನಮ್ಮ ಮೇಜಿಗೆ ಬಂದರು.

“ಜ್ವರ ಅಂತ ಬರೀರಿ ಮೇಷ್ಟ್ರೆ.”

“ನಂಗೆ ಜ್ವರ ಇಲ್ಲ ಸಾರ್.”

“ಯಾರಿಗಿದೆ? ನಾನು ಸಹಿ ಹಾಕಿದ ಜ್ವರಗಳೆಲ್ಲ ನಿಜ ಆಗಿದ್ರೆ ಇಷ್ಟೊತ್ತಿಗೆ ಊರೇ ಖಾಲಿಯಾಗ್ತಿತ್ತು.”

“ಅದಕ್ಕೇ ಸಾರ್. ಇನ್ನೊಂದು ಯಾಕೆ?”

ಮೇಲ್ವಿಚಾರಕರು ಕನ್ನಡಕ ಒರೆಸಿಕೊಂಡು, ಮಾಲೀಕರಿಗೆ ಶಿಸ್ತು ಎಂದರೆ ಪ್ರಾಣ, ರೇಸು ಅಂದರೆ ಕುದುರೆ ಎಂದುಕೊಳ್ಳುತ್ತಾರೆ, ಆಮೇಲೆ ತಮ್ಮ ತಲೆಗೆ ಬರುತ್ತದೆ ಎಂದೆಲ್ಲ ಹೇಳಿದರು. ಪಾಲಿಶ್‌ನವನು ತನ್ನ ಅಜ್ಜಿಯನ್ನು ಒಂದು ದಿನದ ಮಟ್ಟಿಗೆ ಎರವಲು ಕೊಡುತ್ತೇನೆ ಎಂದ. ಮೇಷ್ಟ್ರು ಕೈಯಲ್ಲಿದ್ದ ದವಡೆಯನ್ನು ದೀಪಕ್ಕೆ ಹಿಡಿದು ಒಂದು ಕೋರೆಹಲ್ಲನ್ನು ಕೂದಲೆಳೆಯಷ್ಟು ತಿರುಗಿಸಿದರು.

“ಇಪ್ಪತ್ತು ವರ್ಷದಿಂದ ನಂಗೆ ಇಷ್ಟವಾದ್ದು ಅದೊಂದೇ ಸಾರ್. ಅದನ್ನ ಕಾಯಿಲೆ ಅಂತ ಬರೆಯೋಕಾಗಲ್ಲ.”

ಗುರುವಾರ ಅವರು ಬರಲಿಲ್ಲ. ನಾನೂ ಹೋಗಲಿಲ್ಲ, ಬೆಳಿಗ್ಗೆಯೇ ಫೋನು ಮಾಡಿ ತಲೆನೋವು ಬರೆಸಿದ್ದೆ. ಕುತೂಹಲ ಎಂದು ಬರೆಸುವಷ್ಟು ಎದೆಗಾರಿಕೆ ನನಗಿರಲಿಲ್ಲ.

ಮೇಷ್ಟ್ರ ಮನೆಯ ಮುಂಕೋಣೆಯಲ್ಲಿ ಟಿವಿ, ಒಂದು ಬೆಂಚು, ಎರಡು ಕುರ್ಚಿ. ಅವರ ಹೆಂಡತಿ ಬಟಾಣಿ ಸುಲಿಯುತ್ತ ಕೂತಿದ್ದರು. ತಾನು ಇದನ್ನೆಲ್ಲ ನೋಡುವವಳಲ್ಲ, ಬೇರೆ ಕಡೆ ಬೆಳಕಿಲ್ಲ, ಅದಕ್ಕೇ ಇಲ್ಲಿ ಕೂತಿದ್ದೇನೆ ಎಂದು ನಾನು ಕೇಳುವ ಮೊದಲೇ ಹೇಳಿದರು.

ಮೊದಲ ಒಂದು ಗಂಟೆ ಏನೂ ನಡೆಯಲಿಲ್ಲ. ಅದೇ ಅದರ ಸೊಗಸು ಎಂದರು ಮೇಷ್ಟ್ರು. ಹೆಲಿಕಾಪ್ಟರು ಯಾರದೋ ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆ ತೋರಿಸಿತು. ಒಬ್ಬ ರೈತ ಹುಲ್ಲಿನ ಪೆಂಡಿಗಳನ್ನು ಜೋಡಿಸಿ ಹೊಲದ ತುಂಬ ದೊಡ್ಡ ಸೈಕಲ್ಲು ಮಾಡಿದ್ದ. ಬೇಲಿಯಾಚೆ ಒಂದು ಕುದುರೆ ಸವಾರರ ಜೊತೆ ಸ್ಪರ್ಧೆಗಿಳಿದು, ಗೆದ್ದು, ಬೇಲಿ ಮುಗಿದಲ್ಲಿ ನಿಂತು ಇನ್ನೇನು ಎಂಬಂತೆ ನೋಡಿತು. ರಸ್ತೆಯ ಪಕ್ಕ ಜನ ಕುರ್ಚಿ ಹಾಕಿಕೊಂಡು ಕೂತಿದ್ದರು. ಟಿಕೆಟ್ಟಿಲ್ಲ, ಗೇಟಿಲ್ಲ, ರೇಸೇ ಅವರ ಮನೆ ಮುಂದೆ ಬರುತ್ತದೆ. ಬೆಳಿಗ್ಗೆಯಿಂದ ಕಾದವರ ಮುಂದೆ ಇಪ್ಪತ್ತು ಸೆಕೆಂಡಿನಲ್ಲಿ ಹಾದುಹೋಗುತ್ತದೆ. ಮುಂದಿನ ವರ್ಷ ಮತ್ತೆ ಅದೇ ಕುರ್ಚಿ ತರುತ್ತಾರಂತೆ.

ಐದು ಜನ ಗುಂಪು ಬಿಟ್ಟು ಮುಂದೆ ಹೋಗಿದ್ದರು. ಬೆಟ್ಟದ ಬುಡದಲ್ಲಿ ಸಿಕ್ಕಿಬೀಳುತ್ತೇವೆಂದು ಅವರಿಗೂ ಗೊತ್ತು, ಹಿಡಿಯುವವರಿಗೂ ಗೊತ್ತು. ಆದರೂ ಮೂರು ಗಂಟೆಗಳಿಂದ ತುಳಿಯುತ್ತಿದ್ದರು. ಮತ್ತೇಕೆ ತುಳಿಯುತ್ತಾರೆ ಎಂದು ಕೇಳಿದೆ. ಮೇಷ್ಟ್ರ ಹೆಂಡತಿ ನನ್ನನ್ನು ಕರುಣೆಯಿಂದ ನೋಡಿದರು. ಸ್ವಲ್ಪ ಹೊತ್ತಿಗೆ ಅವರು ಬಟಾಣಿಯಿಂದ ತಲೆಯೆತ್ತದೆ, “ಗಾಳಿ ಎಡಗಡೆಯಿಂದ ಬೀಸ್ತಿದೆ ಕಣ್ರೀ. ಈಗ ಗುಂಪು ಒಡೆಯುತ್ತೆ ನೋಡಿ” ಎಂದರು. ಮರದ ಸಾಲು ಮುಗಿಯಿತು, ರಸ್ತೆ ಬಯಲಿಗೆ ಬಿತ್ತು, ಗುಂಪು ಹಳೆಯ ಸ್ವೆಟರಿನಂತೆ ಮೂರು ಕಡೆ ಬಿಚ್ಚಿಹೋಯಿತು.

ನೀರಿನವನು ಮೂರನೆಯ ತುಂಡಿನಲ್ಲಿದ್ದ. ಬೆಟ್ಟ ಶುರುವಾದಾಗ ಅದರಿಂದಲೂ ಕಳಚಿಕೊಂಡ. ಅತ್ತ ಮೊದಲಿಗರು ತುದಿ ಮುಟ್ಟಿ, ಯಾರೋ ಗೆದ್ದು, ಹೂವು ಹಿಡಿದು ನಿಂತ. ನಾನು ಎದ್ದೆ, ಮುಗಿಯಿತೆಂದು.

“ಕೂತ್ಕೊಳ್ಳಿ. ಈಗ ಶುರು” ಎಂದರು ಮೇಷ್ಟ್ರು.

ಗೆದ್ದವನು ಮುಟ್ಟಿದ ಮೇಲೆ ಇಷ್ಟು ನಿಮಿಷದೊಳಗೆ ಮುಟ್ಟದವನನ್ನು ರೇಸಿನಿಂದ ಹೊರಗೆ ಹಾಕುತ್ತಾರೆ. ಆ ದಿನಕ್ಕೆ ಮೂವತ್ತೆಂಟು ನಿಮಿಷ. ಕೊನೆಯ ರೇಸೆಂಬ ಮರ್ಯಾದೆಗೋ ಏನೋ, ಒಂದು ಕ್ಯಾಮೆರಾ ನೀರಿನವನ ಹಿಂದೆಯೇ ಬರುತ್ತಿತ್ತು. ಬಾಯಿ ತೆರೆದು ತುಳಿಯುತ್ತಿದ್ದ; ಕೆಳದವಡೆ ಸ್ವಲ್ಪ ಮುಂದಿದೆ, ಸೆಟ್ಟು ಮಾಡುವುದು ಕಷ್ಟ ಎಂದು ನಾವಿಬ್ಬರೂ ಒಪ್ಪಿದೆವು. ಆಗ ತಂಡದ ಕಾರು ಪಕ್ಕಕ್ಕೆ ಬಂತು. ಕಿಟಕಿಯಿಂದ ಒಂದು ಕೈ ಬಾಟಲಿ ಚಾಚಿತು.

ಇಲ್ಲೊಂದು ಗುಟ್ಟಿದೆ ಎಂದು ಮೇಷ್ಟ್ರು ದನಿ ತಗ್ಗಿಸಿ ವಿವರಿಸಿದರು. ಕೊಡುವವನು ಬಾಟಲಿ ಬಿಡುವುದಿಲ್ಲ, ತೆಗೆದುಕೊಳ್ಳುವವನೂ ಬಿಡುವುದಿಲ್ಲ. ನಡುವೆ ಕಾರು ಎಳೆದುಕೊಂಡು ಹೋಗುತ್ತದೆ. ತಪ್ಪೇ. ಆದರೆ ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತಾದರೆ ಯಾರೂ ಏನೂ ಅನ್ನುವುದಿಲ್ಲ. ಮೋಟಾರ್‌ಸೈಕಲ್ಲಿನ ಅಂಪೈರು ಆ ಹೊತ್ತಿಗೆ ಮೋಡ ನೋಡುತ್ತಿರುತ್ತಾನೆ. ಎಲ್ಲರೂ ಮಾಡುತ್ತಾರೆ.

ಅಂಪೈರು ನಿಜವಾಗಿಯೂ ಮೋಡ ನೋಡುತ್ತಿದ್ದ. ನೀರಿನವನು ಒಂದು ಎಣಿಸುವ ಮೊದಲೇ ಬಾಟಲಿ ಕಿತ್ತುಕೊಂಡ, ಒಂದು ಗುಟುಕು ಕುಡಿದ, ಉಳಿದದ್ದನ್ನು ತಲೆಯ ಮೇಲೆ ಸುರಿದುಕೊಂಡ. ಕಾರು ಮತ್ತೆ ಬಂತು, ಕೈ ಮತ್ತೆ ಚಾಚಿತು. ಈ ಸಲ ಅವನು ನೋಡಲೂ ಇಲ್ಲ; ಮುಂದೆ ಹೋಗಿ ಎಂದು ಕೈಬೀಸಿದ. ಮೇಷ್ಟ್ರು ಎದ್ದು ನಿಂತರು. ಬಟಾಣಿಯ ತಟ್ಟೆ ನೆಲದ ಮೇಲಿತ್ತು. ಅವರ ಹೆಂಡತಿ ಯಾವಾಗ ಎದ್ದರೋ ತಿಳಿಯದು.

ನೀರಿನವನು ಬಂದಾಗ ಕೆಲಸದವರು ಬೇಲಿಗಳನ್ನು ಲಾರಿಗೆ ಹೇರುತ್ತಿದ್ದರು. ಕುರ್ಚಿ ಮಡಚಿಕೊಂಡು ಹೊರಟವರು ಮಡಚಿದ ಕುರ್ಚಿಗಳನ್ನೇ ಬಡಿದು ಸದ್ದು ಮಾಡಿದರು. ಅವನು ಗೆರೆ ದಾಟಿ, ಸೈಕಲ್ಲಿನ ಮೇಲೆ ಒರಗಿ ನಿಂತ. ಮೂವತ್ತೆಂಟು ನಿಮಿಷ, ಐವತ್ತು ಸೆಕೆಂಡು.

“ಸೋತ, ಪಾಪ” ಎಂದೆ.

“ಸೋಲೋದೇನು ಬಂತು? ಸ್ವಲ್ಪ ತಡ ಆಯ್ತು” ಎಂದರು ಅವರ ಹೆಂಡತಿ, ನಾನು ಅವರ ತವರಿನವರನ್ನು ಅಂದಂತೆ.

ಶುಕ್ರವಾರ ಬೆಳಿಗ್ಗೆ ರಜಾ ಪುಸ್ತಕದಲ್ಲಿ ಮೇಷ್ಟ್ರ ಕಾರಣದ ಮೇಲೆ ಒಂದು ಬಿಳಿಯ ಚೀಟಿ ಅಂಟಿತ್ತು. ಅದರ ಮೇಲೆ ಮೇಲ್ವಿಚಾರಕರ ಅಕ್ಷರದಲ್ಲಿ ‘ಜ್ವರ’. ಅಂಚುಗಳನ್ನು ನೀಟಾಗಿ ಕತ್ತರಿಸಿದ್ದರು. ಪ್ರೀತಿಯಿಂದ ಮಾಡಿದ ಕೆಲಸ. ಮೇಷ್ಟ್ರು ತಮ್ಮ ಮೇಣದ ಚಾಕುವನ್ನು ದೀಪಕ್ಕೆ ಹಿಡಿದು, ಗೀರು ಬೀಳದಂತೆ ಹಲ್ಲಿನಿಂದ ಮೇಣ ಎಬ್ಬಿಸುವ ಅದೇ ನಯದಲ್ಲಿ, ಚೀಟಿಯನ್ನು ಎಬ್ಬಿಸಿದರು. ಕೆಳಗಿನ ಅಕ್ಷರ ಒಂದೂ ಕೆಟ್ಟಿರಲಿಲ್ಲ. ನಾಳೆ ಮಾಲೀಕರು ಬರುತ್ತಾರೆ, ನಿಮ್ಮ ಒಳ್ಳೆಯದಕ್ಕೇ ಮಾಡಿದ್ದು ಎಂದರು ಮೇಲ್ವಿಚಾರಕರು. ಅವರ ದನಿಯಲ್ಲಿ ನಿಜವಾಗಿಯೂ ನೋವಿತ್ತು.

“ಗೊತ್ತು ಸಾರ್. ನೀವು ಕೈ ಚಾಚಿದ್ರಿ, ದೊಡ್ಡ ಮನಸ್ಸು. ನಾನು ಹಿಡ್ಕೊಳ್ಳಲ್ಲ, ಅಷ್ಟೆ.”

ಅದು ಅವರಿಗೆ ಅರ್ಥವಾಗಲಿಲ್ಲ. ಅರ್ಥವಾದ ನಾನು ತಲೆ ಬಗ್ಗಿಸಿ ಮೇಣ ಕರಗಿಸತೊಡಗಿದೆ.

ಶನಿವಾರ ಮಾಲೀಕರು ಆ ಸಾಲನ್ನು ಎರಡು ಸಲ ಓದಿ, ನಗದೆ, ಪುಸ್ತಕ ಮುಚ್ಚಿದರು. ಕಿಟಕಿಯ ಕುರ್ಚಿ ನನಗೆ ಬಂತು. ನನ್ನ ತಲೆನೋವುಗಳಲ್ಲಿ ಅವರಿಗೆ ಯಾವ ದೋಷವೂ ಕಾಣಲಿಲ್ಲವಂತೆ.

ಅಲ್ಲಿನ ಬೆಳಕು ಬಹಳ ಚೆನ್ನಾಗಿದೆ. ಬಣ್ಣ ಹೊಂದಿಸುವ ಕೆಲಸ ಬಂದಾಗ ಮೇಷ್ಟ್ರನ್ನು ಕರೆದು ಕೂರಿಸಿ ನಾನು ಎದ್ದು ನಿಲ್ಲುತ್ತೇನೆ. ಅವರು ಕೂರುತ್ತಾರೆ, ಹೊಂದಿಸುತ್ತಾರೆ, ಥ್ಯಾಂಕ್ಸ್ ಹೇಳದೆ ಎದ್ದು ಹೋಗುತ್ತಾರೆ. ಸರಿಯಾಗಿಯೇ ಇದೆ.

ಈ ವರ್ಷ ಬೆಟ್ಟದ ದಿನ ಮಂಗಳವಾರ. ಮೇಷ್ಟ್ರು ಇಪ್ಪತ್ತಮೂರು ವರ್ಷದ ಹೊಸ ನೀರಿನವನೊಬ್ಬನನ್ನು ಹುಡುಕಿಕೊಂಡಿದ್ದಾರೆ. ಹೋದ ತಿಂಗಳು ಯಾವುದೋ ಸಣ್ಣ ರೇಸಿನಲ್ಲಿ ಅವನು ಒಂಬತ್ತು ಬಾಟಲಿ ಹೊತ್ತನಂತೆ. ಪುಸ್ತಕದಲ್ಲಿ ಮೊದಲು ಅವರು ಬರೆದರು, ಹೋದ ವರ್ಷಕ್ಕಿಂತ ದಪ್ಪ ಅಕ್ಷರದಲ್ಲಿ. ಅದರ ಕೆಳಗೆ ನಾನು ನನ್ನ ಹೆಸರು, ತಾರೀಖು ಬರೆದು, ಕಾರಣದ ಕಾಲಂನಲ್ಲಿ ‘ಮೇಲಿನಂತೆ’ ಎಂದು ಬರೆದೆ.

ಮೇಲ್ವಿಚಾರಕರು ಮೊದಲ ಸಲ ನನ್ನ ಕಾರಣವನ್ನು ಸಹಿಗೆ ಮುಂಚೆ ಓದಿದರು. ಕಿಟಕಿಯ ಕುರ್ಚಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

“ನಿಮಗೆ ತಲೆನೋವಲ್ವಾ?”

“ವಾಸಿಯಾಯ್ತು ಸಾರ್.”