ಬಲಕ್ಕೆ ಇಪ್ಪತ್ತು ಡಿಗ್ರಿ

ಒಬ್ಬ ಹಲ್ಲಿನ ಡಾಕ್ಟರು ನನಗೆ ವಿಮಾನ ಹಾರಿಸುವುದನ್ನು ಹೇಳಿಕೊಡುತ್ತಾನೆ ಎಂದರೆ ನನ್ನ ಗತಿ ಎಲ್ಲಿಗೆ ಬಂತು ನೋಡಿ. ನಾನು ಮ್ವದಿಮೆ. ಆನೆ ಎಣಿಸುವವರನ್ನು ಕೂರಿಸಿಕೊಂಡು ಇಪ್ಪತ್ತಾರು ವರ್ಷ ತ್ಸಾವೋ ಕಾಡಿನ ಮೇಲೆ ಹಾರಿದವನು. ಮರದ ತುದಿ ಚಕ್ರಕ್ಕೆ ತಾಗುವಷ್ಟು ಕೆಳಗೆ ಹಾರಿದ್ದೇನೆ, ಹೆದ್ದಾರಿಯ ಮೇಲೆ ಇಳಿಸಿದ್ದೇನೆ, ಒಮ್ಮೆ ಕಾಡೆಮ್ಮೆಗಳ ಹಿಂಡಿನ ಪಕ್ಕದಲ್ಲೇ ಇಳಿಸಿದ್ದೇನೆ. ಈ ಒಚೋಲ ಕಿಸುಮುವಿನಲ್ಲಿ ಜನರ ಬಾಯಿ ಬಿಡಿಸಿ ಹಲ್ಲು ಕೀಳುವವನು. ನಿಜವಾದ ವಿಮಾನದಲ್ಲಿ ಕಿಟಕಿ ಪಕ್ಕ ಕೂತು ಕಡಲೆಬೀಜ ತಿಂದದ್ದಷ್ಟೇ ಅವನ ಅನುಭವ. ಆದರೂ ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ನಾನು ವೋಯಿ ಊರಿನ ನನ್ನ ಮನೆಯಲ್ಲಿ ಕಂಪ್ಯೂಟರ್ ಮುಂದೆ ಹೆಡ್‌ಫೋನ್ ಹಾಕಿಕೊಂಡು ಕೂತು, ಇಂಟರ್ನೆಟ್‌ನಲ್ಲಿ ಆಡುವ ವಿಮಾನದ ಆಟವೊಂದರಲ್ಲಿ ಅವನ ಹಿಂದೆ ಹಾರಬೇಕು. ಬಾಣದ ಮೊನೆಯ ಹಾಗೆ ಮೂರು ವಿಮಾನ. ಮುಂದೆ ಅವನು, ಅವನ ಎಡಹಿಂದೆ ಕಿಟಾಲೆಯ ಭೂಗೋಳದ ಟೀಚರ್ ನೆಕೆಸಾ, ಬಲಹಿಂದೆ ನಾನು.

ನಗಬೇಡಿ. ವಾರದ ಉಳಿದ ಆರು ದಿನ ನಾನು ಯಾರೊಂದಿಗೂ ಮಾತಾಡುವುದಿಲ್ಲ. ಹಾಲಿನವನ ಜೊತೆ ಜಗಳ ಆಡುವುದನ್ನು ಮಾತು ಎನ್ನುವುದಾದರೆ ಅದೊಂದು ಇದೆ.

ಹೃದಯ ನಡುನಡುವೆ ಒಂದು ಬಡಿತ ಮರೆಯುತ್ತದೆ ಎಂದು ನನ್ನ ಲೈಸೆನ್ಸ್ ಕಿತ್ತುಕೊಂಡರು. ಮನೆಯಲ್ಲಿ ಕೂತೆ. ಕೂತವನು ಸುಮ್ಮನೆ ಕೂರಲಿಲ್ಲ. ಉಪ್ಪು ಹೆಚ್ಚಾಯಿತು, ಬಾಗಿಲು ಕಿರ್ರೆನ್ನುತ್ತದೆ, ಕೋಳಿ ಯಾಕೆ ಒಳಗೆ ಬಂತು ಎಂದು ಬೆಳಗಿಂದ ಸಂಜೆಯವರೆಗೆ ಹೆಂಡತಿಯ ಪ್ರಾಣ ಹಿಂಡಿದೆ. ವಕೇಶೋ ಒಂದು ವರ್ಷ ಸಹಿಸಿಕೊಂಡಳು. ಆಮೇಲೆ ಮೊಂಬಾಸಾದಲ್ಲಿರುವ ತನ್ನ ತಂಗಿಯ ಹತ್ತಿರ ಹೋದಳು. ಈಗ ಅಲ್ಲಿ ಬಟ್ಟೆ ಮಾರುತ್ತಾಳಂತೆ. ಸತ್ತಿಲ್ಲ, ಓಡಿಹೋಗಿಲ್ಲ, ಹೇಳಿಯೇ ಹೋದಳು. ಅದಾಗಿ ಎರಡು ವರ್ಷ.

ಈ ವಿಷಯ ಒಚೋಲನಿಗೂ ನೆಕೆಸಾಗೂ ಗೊತ್ತಿರಲಿಲ್ಲ. ನಾನು ಗುಂಪು ಸೇರಿದ ಮೊದಲ ಶನಿವಾರ ಅಡುಗೆಮನೆಯಲ್ಲಿ ಬೆಕ್ಕು ಪಾತ್ರೆ ಬೀಳಿಸಿತು. ಮನೆಯವರಾ ಎಂದು ನೆಕೆಸಾ ಕೇಳಿದಳು. ಹೌದು, ಚಹಾ ಮಾಡುತ್ತಿದ್ದಾಳೆ ಎಂದುಬಿಟ್ಟೆ. ಅಷ್ಟು ಸಾಕಾಯಿತು. ಅಲ್ಲಿಂದ ಪ್ರತಿ ವಾರ ಇಬ್ಬರೂ ಅವಳಿಗೆ ನಮಸ್ಕಾರ ಹೇಳುವುದು, ನಾನು ಮೈಕ್ ಮುಚ್ಚಿ ಒಂದು ನಿಮಿಷ ಬಿಟ್ಟು ಅವಳೂ ಹೇಳಿದಳು ಎನ್ನುವುದು. ಒಮ್ಮೆ ಮಂಡಾಜಿ ಕರಿಯುತ್ತಿದ್ದಾಳೆ, ವಾಸನೆ ಇಲ್ಲಿಗೆ ಬರುತ್ತಿದೆ ಎಂದೂ ಹೇಳಿದೆ. ನಾಚಿಕೆಗೆಟ್ಟವನು ನಾನು.

ಇನ್ನು ಆಟಕ್ಕೆ ಕೂರುವಾಗ ನಾನು ಹಾಕಿಕೊಳ್ಳುವ ಟೋಪಿಯ ವಿಷಯ. ಆಟದಲ್ಲಿ ಅಕ್ಕಪಕ್ಕ ನೋಡಬೇಕಾದರೆ ಗುಂಡಿ ಒತ್ತಬೇಕು. ಗುಂಪಿನಲ್ಲಿ ಹಾರುವವನಿಗೆ ಅದು ಸಾಲದು, ಮುಂದಿನ ವಿಮಾನದ ಮೇಲಿಂದ ಕಣ್ಣು ಕೀಳುವ ಹಾಗಿಲ್ಲ. ಅದಕ್ಕೆ ತಲೆಯ ಚಲನೆ ಹಿಡಿಯುವ ಒಂದು ಸಾಧನ ಇದೆ. ಟೋಪಿಯ ಮೇಲೆ ಕಣ್ಣಿಗೆ ಕಾಣದ ಬೆಳಕಿನ ಮೂರು ಪುಟ್ಟ ದೀಪ, ಮಾನಿಟರ್ ಮೇಲೊಂದು ಕ್ಯಾಮೆರಾ. ನೀವು ತಲೆ ತಿರುಗಿಸಿದರೆ ಕ್ಯಾಮೆರಾ ಆ ದೀಪಗಳನ್ನು ನೋಡಿ ಆಟದೊಳಗಿನ ನೋಟವನ್ನೂ ತಿರುಗಿಸುತ್ತದೆ. ಪರದೆ ಬಿಟ್ಟು ಕಣ್ಣು ಆಚೆ ಹೋಗಬಾರದಲ್ಲ, ಹಾಗಾಗಿ ನೀವು ಒಂದು ಪಾಲು ತಿರುಗಿದರೆ ನೋಟ ಆರು ಪಾಲು ತಿರುಗುವ ಹಾಗೆ ಹೊಂದಿಸಿಕೊಳ್ಳುತ್ತಾರೆ. ಗಲ್ಲ ಸ್ವಲ್ಪ ಭುಜದ ಕಡೆ ಹೋದರೆ ಸಾಕು, ವಿಮಾನದ ಬಾಲ ಕಾಣುತ್ತದೆ.

ಒಚೋಲ ಚಿತ್ರ ಬರೆದು ಕಳಿಸಿದ, ನಾನೇ ಮಾಡಿಕೊಂಡೆ. ನೈರೋಬಿಯ ಲೂಥುಲಿ ರಸ್ತೆಯಿಂದ ಹಳೆಯ ಕ್ಯಾಮೆರಾ ತರಿಸಿದೆ. ಅದರೊಳಗೆ ಆ ಕಾಣದ ಬೆಳಕನ್ನು ತಡೆಯುವ ಗಾಜಿನ ಚೂರು ಕಿತ್ತು, ಮಾಮೂಲಿ ಬೆಳಕು ತಡೆಯಲು ಆ ಜಾಗಕ್ಕೆ ಹಳೆಯ ಫೋಟೋ ರೀಲಿನ ಕಪ್ಪು ತುದಿ ಕತ್ತರಿಸಿ ಅಂಟಿಸಿದೆ. ಬಟ್ಟೆ ಹ್ಯಾಂಗರಿನ ತಂತಿ ಬಗ್ಗಿಸಿ, ಕೆಟ್ಟ ರಿಮೋಟುಗಳ ದೀಪ ತೆಗೆದು ಬೆಸುಗೆ ಹಾಕಿದೆ. ಎರಡು ವಾರ ಹಿಡಿಯಿತು. ಮೊದಲ ಸಲ ತಲೆ ತಿರುಗಿಸಿದಾಗ ಪರದೆಯ ಮೇಲೆ ನನ್ನದೇ ರೆಕ್ಕೆ, ಅದರ ಕೆಳಗೆ ಗಲಾನಾ ನದಿ ಕಂಡಿತು. ಖುಷಿ ತಡೆಯಲಾರದೆ ನೋಡಿಲ್ಲಿ ಎಂದು ಜೋರಾಗಿ ಕೂಗಿದೆ. ನೋಡಲು ಯಾರೂ ಇರಲಿಲ್ಲ.

ಮುಂದಿನ ಶನಿವಾರದಿಂದಲೇ ಕಾಟ ಶುರುವಾಯಿತು. ನೆಟ್ಟಗೆ ಹಾರುತ್ತಿರುವಾಗ ನೋಟ ಇದ್ದಕ್ಕಿದ್ದಂತೆ ಬಲಕ್ಕೆ ಜಿಗಿಯುವುದು. ಎಡಮುಂದೆ ಇದ್ದ ಒಚೋಲ ಮಾಯ, ನನ್ನ ಎದುರು ಬರೀ ಆಕಾಶ. ಅವನನ್ನು ಹುಡುಕಿ ಹಿಡಿಯುವಷ್ಟರಲ್ಲಿ ನಾನು ಎಲ್ಲೋ ನುಗ್ಗಿರುತ್ತಿದ್ದೆ. ಕಿಟಕಿಯ ಬಿಸಿಲು ಕ್ಯಾಮೆರಾಕ್ಕೆ ಬೀಳುತ್ತಿದೆ ಎಂದುಕೊಂಡು ಕಂಬಳಿ ಕಟ್ಟಿದೆ. ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ. ಕ್ಯಾಮೆರಾ ಮಾರಿದವನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ಎಲ್ಲಾ ಕೇಳಿಸಿಕೊಂಡು ಊಟ ಆಯಿತಾ ಯಜಮಾನರೇ ಎಂದ. ಆಗಿರಲಿಲ್ಲ.

ಮೂರನೇ ವಾರ ನೈವಾಶಾ ಸರೋವರದ ಮೇಲೆ ನನ್ನ ರೆಕ್ಕೆ ಒಚೋಲನ ಬಾಲ ಕತ್ತರಿಸಿತು. ಇಬ್ಬರೂ ನೀರಿಗೆ ಬಿದ್ದೆವು. ನೆಕೆಸಾ ಒಬ್ಬಳೇ ಮೇಲೆ ಸುತ್ತು ಹಾಕುತ್ತಾ, ಈಗ ನಾನು ಯಾರ ಹಿಂದೆ ಹೋಗಲಿ ಎಂದು ಕೇಳುತ್ತಿದ್ದಳು.

ಅವತ್ತು ಒಚೋಲ ಮೆತ್ತಗೆ ವಿಷಯಕ್ಕೆ ಬಂದ. ನಕುರುವಿನ ಒಬ್ಬ ವಕೀಲರು ಗುಂಪು ಸೇರಲು ಎಂಟು ತಿಂಗಳಿಂದ ಕಾಯುತ್ತಿದ್ದಾರಂತೆ. ಮುಂದಿನ ಶನಿವಾರವೂ ಹೀಗೇ ಆದರೆ, ಟೋಪಿ ಸರಿಹೋಗುವ ತನಕ ಅವರು ನನ್ನ ಜಾಗದಲ್ಲಿ ಹಾರಲಿ ಎಂದ. "ನೀವು ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ ಕ್ಯಾಪ್ಟನ್."

ವಿಶ್ರಾಂತಿ. ಲೈಸೆನ್ಸ್ ಕಿತ್ತುಕೊಂಡವರೂ ಇದೇ ಮಾತು ಹೇಳಿದ್ದರು. ಶನಿವಾರದ ಆ ಒಂದು ಗಂಟೆಯೂ ಹೋದರೆ ನನಗೆ ಏನು ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. ಹಾಲಿನವನು ಉಳಿಯುತ್ತಿದ್ದ.

ತಲೆ ಪ್ರತಿ ಕ್ಷಣ ಎಲ್ಲಿತ್ತು ಎಂದು ಬರೆದಿಡುವ ಸೌಕರ್ಯ ಆ ಪ್ರೋಗ್ರಾಮಿನಲ್ಲೇ ಇದೆ. ಅದನ್ನು ಚಾಲೂ ಮಾಡಿ ಒಂದು ಗಂಟೆ ಒಬ್ಬರೇ ಹಾರಿ, ಫೈಲ್ ಕಳಿಸಿ ಎಂದಿದ್ದ ಒಚೋಲ. ಬುಧವಾರ ಹಾರಿ ಕಳಿಸಿದೆ. ಗುರುವಾರ ಮಧ್ಯಾಹ್ನ ಅವನ ಫೋನ್ ಬಂತು.

"ಕ್ಯಾಪ್ಟನ್, ನಿಮ್ಮ ಟೋಪಿ ಚೆನ್ನಾಗೇ ಇದೆ."

"ಮತ್ತೆ ನೋಟ ಜಾರೋದು?"

"ಜಾರ್ತಿಲ್ಲ. ಯಂತ್ರ ಜಾರಿದ್ರೆ ನಿಧಾನಕ್ಕೆ ಜಾರುತ್ತೆ, ಅಲ್ಲೇ ಬಿದ್ದಿರುತ್ತೆ. ಇದು ಪಟ್ಟಂತ ಹೋಗುತ್ತೆ, ಎರಡು ಉಸಿರಿನಷ್ಟು ಹೊತ್ತು ಅಲ್ಲೇ ಇರುತ್ತೆ, ವಾಪಸ್ ಬರುತ್ತೆ. ಬಲಕ್ಕೆ ಇಪ್ಪತ್ತು ಡಿಗ್ರಿ. ಗಂಟೆಗೆ ಹದಿನೇಳು ಸಲ. ನೀವೇ ತಿರುಗ್ತಿದೀರಿ."

ನನಗೆ ಉರಿದುಹೋಯಿತು. ಇಪ್ಪತ್ತಾರು ವರ್ಷ ಹಾರಿದವನಿಗೆ ತನ್ನ ತಲೆ ಎಲ್ಲಿದೆ ಎಂದು ಗೊತ್ತಿರುವುದಿಲ್ಲವೇ, ಹಲ್ಲು ಎಣಿಸುವವರು ಹಲ್ಲು ಎಣಿಸಿಕೊಂಡಿರಿ ಎಂದೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ.

"ಇನ್ನೊಂದಿದೆ ಕೇಳಿ. ಬರೀ ತಿರುಗೋದಲ್ಲ, ಸ್ವಲ್ಪ ಮೇಲೆ ನೋಡ್ತೀರಿ. ಪ್ರತಿ ಸಲ ಅಷ್ಟೇ ಎತ್ತರ. ಕೂತೋರು ನಿಂತೋರ ಮುಖ ನೋಡೋ ಹಾಗೆ." ಆಮೇಲೆ ನಕ್ಕ. "ಮನೆಯವ್ರು ಬಂದು ನಿಂತ್ಕೋತಾರೆ ಅನ್ಸುತ್ತೆ. ಶನಿವಾರ ಒಂದು ಗಂಟೆ ಅವ್ರಿಗೆ ಆ ಕಡೆ ಕುರ್ಚಿ ಹಾಕ್ಕೊಡಿ, ಎಲ್ಲಾ ಸರಿಹೋಗುತ್ತೆ."

ಫೋನ್ ಕಿವಿಯಲ್ಲಿಟ್ಟುಕೊಂಡೇ ಬಲಕ್ಕೆ ನೋಡಿದೆ. ಅಡುಗೆಮನೆಯ ಬಾಗಿಲು. ವಕೇಶೋ ಕೈಯಲ್ಲಿ ಸೌಟು ಹಿಡಿದು ಆ ಬಾಗಿಲ ಚೌಕಟ್ಟಿಗೆ ಒರಗಿಯೇ ಮಾತಾಡುತ್ತಿದ್ದಳು, ಮೂವತ್ತೊಂದು ವರ್ಷ. ನಾನು ನಕ್ಷೆಯಿಂದಲೋ ರೇಡಿಯೋದಿಂದಲೋ ತಲೆ ಎತ್ತದೆ ಹ್ಞೂಂ, ಹ್ಞೂಂ ಎನ್ನುತ್ತಿದ್ದೆ. ನಾನೇನು ಗೋಡೆ ಹತ್ತಿರ ಮಾತಾಡ್ತಿದೀನಾ, ಒಂದ್ಸಲ ಈ ಕಡೆ ತಿರುಗಿದ್ರೆ ನಿನ್ನ ಕತ್ತು ಉಳುಕುತ್ತಾ ಎಂದು ಅವಳು ಅದೆಷ್ಟು ಸಲ ಕೇಳಿದ್ದಳೋ. ಹೊರಟ ದಿನವೂ ಚೀಲ ಹಿಡಿದು ಅಲ್ಲೇ ನಿಂತು, ಹೋಗ್ತೀನಿ ಎಂದಳು. ನಾನು ರೇಡಿಯೋ ಬಿಚ್ಚಿಕೊಂಡು ಕೂತಿದ್ದೆ. ಹ್ಞೂಂ ಎಂದೆ. ತಿರುಗಲಿಲ್ಲ.

ಈಗ ಗಂಟೆಗೆ ಹದಿನೇಳು ಸಲ ತಿರುಗುತ್ತಿದ್ದೇನೆ, ನನಗೇ ಗೊತ್ತಿಲ್ಲದೆ, ಖಾಲಿ ಬಾಗಿಲ ಕಡೆಗೆ.

"ಅಲ್ಲಿ ಯಾರೂ ಇಲ್ಲ ಡಾಕ್ಟ್ರೇ," ಎಂದೆ.

"ಅಂದ್ರೆ?"

"ಅವಳು ಹೋಗಿ ಎರಡು ವರ್ಷ ಆಯ್ತು. ಮೊಂಬಾಸಾದಲ್ಲಿದಾಳೆ. ಚಹಾ, ಮಂಡಾಜಿ, ನಮಸ್ಕಾರ, ಎಲ್ಲಾ ಸುಳ್ಳು."

ಅವನು ರೋಗಿ ಕಾಯ್ತಿದಾರೆ ಎಂದು ಫೋನ್ ಇಟ್ಟ.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ವಿಮಾನಕ್ಕೆ ವಿಮಾನ ಗುದ್ದುವವನನ್ನಾದರೂ ಇಟ್ಟುಕೊಂಡಾರು, ವರ್ಷಗಟ್ಟಲೆ ಇಲ್ಲದ ಹೆಂಡತಿಯಿಂದ ನಮಸ್ಕಾರ ಹೇಳಿಸಿದವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಶುಕ್ರವಾರ ಟೋಪಿ, ಕ್ಯಾಮೆರಾ ಎಲ್ಲಾ ತಗಡಿನ ಪೆಟ್ಟಿಗೆಗೆ ಹಾಕಿದೆ. ಶನಿವಾರ ಮಧ್ಯಾಹ್ನ ಮಲಗಿದೆ, ನಿದ್ದೆ ಬರಲಿಲ್ಲ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಒಚೋಲ ಫೋನ್ ಮಾಡಿ, ಇನ್ನೂ ಯಾಕೆ ಬಂದಿಲ್ಲ ಎಂದು ಗದರಿದ. ಪೆಟ್ಟಿಗೆ ತೆಗೆದೆ.

ಹೆಡ್‌ಫೋನ್ ಹಾಕಿಕೊಂಡಾಗ ಇಬ್ಬರೂ ಆಗಲೇ ರನ್‌ವೇ ಮೇಲೆ ನಿಂತಿದ್ದರು. ನೆಕೆಸಾಳ ವಿಮಾನ ನನ್ನ ಜಾಗದಲ್ಲಿತ್ತು.

"ಟೀಚರ್ ನನ್ನ ಬಲಕ್ಕೆ ಬಂದಿದಾರೆ," ಒಚೋಲ ಹೇಳಿದ. "ಇನ್ಮೇಲೆ ನೀವು ಎಡಕ್ಕೆ."

"ಯಾಕೆ?"

"ನೀವು ನನ್ನ ಎಡಕ್ಕಿದ್ರೆ ನಾನು ನಿಮ್ಮ ಬಲಕ್ಕಿರ್ತೀನಿ. ಆರು ಪಾಲು ಅಂತ ಇಟ್ಟಿದೀರಲ್ಲ, ಅದನ್ನ ಎರಡೂವರೆಗೆ ಇಳಿಸಿ. ಇಪ್ಪತ್ತು ಡಿಗ್ರಿ ತಿರುಗಿದ್ರೆ ಸರಿಯಾಗಿ ನಾನು ಕಾಣ್ತೀನಿ. ನಿಮಗಿಂತ ಸ್ವಲ್ಪ ಮೇಲೆ ಹಾರ್ತೀನಿ. ಎಷ್ಟು ಮೇಲೆ ಅಂತ ನಿಮ್ಮ ಫೈಲ್ ನೋಡಿ ಲೆಕ್ಕ ಹಾಕಿದೀನಿ."

ನಿಮ್ಮ ಕನಿಕರ ನನಗೆ ಬೇಡ ಎಂದೆ.

"ಕನಿಕರ ಎಲ್ಲಿಂದ ಬಂತು ಮಾರಾಯ್ರೇ, ನಾನು ನನ್ನ ಬಾಲ ಉಳಿಸ್ಕೋಬೇಕು," ಎಂದ. ನೆಕೆಸಾ ತರಗತಿಯಲ್ಲಿ ಗದರುವ ಧ್ವನಿಯಲ್ಲಿ, ನಾಲ್ಕು ವರ್ಷ ಬಲಕ್ಕೆ ನೋಡಿ ಅಭ್ಯಾಸವಾದ ಕತ್ತನ್ನು ನಿಮ್ಮಿಂದಾಗಿ ಎಡಕ್ಕೆ ತಿರುಗಿಸಬೇಕಾಗಿದೆ, ಮಾತು ಸಾಕು, ಇಂಜಿನ್ ಹಾಕಿ ಎಂದಳು. ಚಹಾದ ಸುದ್ದಿ ಯಾರೂ ಎತ್ತಲಿಲ್ಲ.

ಮೇಲೇರಿದೆವು. ಗಲಾನಾ ದಾಟಿದ ಮೇಲೆ ಒಂದು ಸಲ ನಾನು ತಿರುಗಿದ್ದು ನನಗೇ ಗೊತ್ತಾಯಿತು. ಒಚೋಲನನ್ನು ನೋಡಲು ತಿರುಗಿದ್ದಲ್ಲ. ಸುಳ್ಳು ಯಾಕೆ ಹೇಳಲಿ, ಅವಳನ್ನು ನೋಡಲು ತಿರುಗಿದ್ದು. ಅಲ್ಲಿ ಅವನ ಬಿಳಿ ವಿಮಾನ ನನಗಿಂತ ಚೂರು ಮೇಲೆ, ಅಲುಗಾಡದೆ ನಿಂತಿತ್ತು.

"ಕಾಣ್ತಿದೀನಾ ಕ್ಯಾಪ್ಟನ್?"

"ಕಾಣ್ತಿದೀರಿ," ಎಂದೆ. ಮೈಕ್ ಮುಚ್ಚಿ ಅತ್ತೆ.

ಆ ಗಂಟೆಯಲ್ಲಿ ಎಷ್ಟು ಸಲ ತಿರುಗಿದೆನೋ ಎಣಿಸಲಿಲ್ಲ. ತಿರುಗಿದಾಗೆಲ್ಲ ಅಲ್ಲಿ ಹಲ್ಲಿನ ಡಾಕ್ಟರು ಇದ್ದ, ವಕೇಶೋ ಇರಲಿಲ್ಲ.