ಅತ್ತೆಯ ದೋಸೆ ಹಂಚು

ನಮ್ಮ ಮನೆಯವರಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಎಲೆ ಅಡಿಕೆಯೂ ಇಲ್ಲ. ಇರುವುದು ಒಂದೇ ಚಟ, ಹಳೇ ಸಾಮಾನು. ಭಾನುವಾರ ಬೆಳಗಾದರೆ ಸಾಕು, ದಾವಣಗೆರೆಯಲ್ಲಿ ರಸ್ತೆ ಬದಿಗೆ ತಾಡಪಾಲು ಹಾಸಿ ಕೂರುವ ಗುಜರಿಯವರ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತುಬಿಡುತ್ತಾರೆ. ತಿರುಗಿ ಬರುವಾಗ ಕೈಚೀಲದಲ್ಲಿ ಬೀಗದ ಕೈ ಇಲ್ಲದ ಬೀಗ, ಬೀಗವೇ ಇಲ್ಲದ ಬೀಗದ ಕೈ, ಮುಳ್ಳಿಲ್ಲದ ಗಡಿಯಾರ. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಅಂತಾರೆ. ನಮ್ಮ ಉಜ್ಜನಪ್ಪನವರಿಗೆ ಮದುವೆಯಾಗಿ ಮೂವತ್ತೊಂದು ವರ್ಷವಾಯಿತು, ಹುಚ್ಚು ಎಲ್ಲಿ ಬಿಟ್ಟಿತು?

ಶಾಮನೂರಿನಲ್ಲಿ ಮನೆಗೆ ಹೊಂದಿಕೊಂಡೇ ನಮ್ಮದೊಂದು ಬೆಣ್ಣೆ ದೋಸೆ ಹೋಟೆಲು. ಆರು ಟೇಬಲ್ಲು. ಗಲ್ಲಾ ಅವರದು, ಒಲೆ ನನ್ನದು, ಹಂಚು ಮಾತ್ರ ತೀರಿಹೋದ ನಮ್ಮ ಅತ್ತೆ ಹಾಲಮ್ಮನದು. ಹೆಬ್ಬೆರಳು ದಪ್ಪದ ಎರಕದ ಕಬ್ಬಿಣ, ಒಂದು ಸಲಕ್ಕೆ ನಾಲ್ಕು ದೋಸೆ. ಇಬ್ಬರು ಹಿಡಿದರೆ ಮೇಲೇಳುತ್ತಿತ್ತು. ಅಂಚಿನಲ್ಲಿ ಒಂದು ಕಡೆ ಇಲಿ ಕಚ್ಚಿದ ಹಾಗೆ ಸಣ್ಣ ಚೂರು ಹಾರಿತ್ತು. ಅರವತ್ತು ವರ್ಷದ ಬೆಣ್ಣೆ ಕುಡಿದು ಕುಡಿದು ಆ ಹಂಚು ಹೇಗೆ ಪಳಗಿತ್ತೆಂದರೆ, ಹಿಟ್ಟು ಹುಯ್ದು ಆಚೆ ಈಚೆ ನೋಡುವುದರೊಳಗೆ ದೋಸೆ ತಾನೇ ಅಂಚು ಬಿಟ್ಟು ಏಳುತ್ತಿತ್ತು. ನಾನು ಹೊಸದಾಗಿ ಸೊಸೆಯಾಗಿ ಬಂದಾಗ ಅತ್ತೆ ಹೇಳಿದ್ದು ಒಂದೇ ಮಾತು. "ನೀರು ತೋರಿಸಬ್ಯಾಡ, ಸೋಪು ಮುಟ್ಟಿಸಬ್ಯಾಡ. ಉಳಿದಿದ್ದು ಅದೇ ಕಲಿಸ್ತೈತೆ." ಎಲ್ಲಿಂದ ತಂದಿರಿ ಎಂದು ಕೇಳಿದರೆ "ನಂದು" ಎನ್ನುತ್ತಿದ್ದರು, ಅಷ್ಟೇ. ತವರಿನವರು ಕೊಟ್ಟದ್ದಿರಬೇಕು ಎಂದು ನಾವೆಲ್ಲ ತಿಳಿದಿದ್ದೆವು.

ಅದನ್ನೇ ಹಿಡಿದು ನಾನು ಇವರನ್ನು ಹಂಗಿಸುತ್ತಿದ್ದೆ. "ನಿಮ್ಮವ್ವ ತವರಿಂದ ಬಾಳುವಂಥ ಸಾಮಾನು ತಂದ್ರು. ನೀವು ಊರ ಕಸ ತರ್ತೀರಿ. ಅವ್ರು ಇದ್ದಿದ್ರೆ ನಿಮ್ಗೆ ಬುದ್ಧಿ ಹೇಳ್ತಿದ್ರು."

ಇವರು ನಗುತ್ತಿದ್ದರು. "ಮುಖ ನೋಡಿ ಕಸ ಅನ್ನಬ್ಯಾಡ, ಕಸ್ತೂರಿ. ಸಾಮಾನಿನ ತಳ ನೋಡು. ಅದರ ಜಾತಕ ಎಲ್ಲಾ ತಳದಾಗೆ ಇರ್ತೈತೆ."

ಒಂದು ಅಮಾವಾಸ್ಯೆಗೆ ಇವರು ಉಕ್ಕಡಗಾತ್ರಿಯ ಗದ್ದುಗೆ ದರ್ಶನಕ್ಕೆ ಹೋದರು. ಹೋಗುವ ಮುಂಚಿನ ದಿನ ಒಲೆ ಕಿತ್ತು ಹೊಸ ಮಣ್ಣು ಮೆತ್ತಿಸಿ, ಅದು ಒಣಗುವ ತನಕ ಇರಲಿ ಎಂದು ಹಂಚನ್ನು ಗೋಣಿತಾಟಿನಲ್ಲಿ ಸುತ್ತಿ, ಒಲೆ ಮೆತ್ತಲು ಬಂದವನ ಜೊತೆ ಹಿಡಿದು ಪಡಸಾಲೆಯಲ್ಲಿ ಇಟ್ಟಿದ್ದರು. ಎಲ್ಲಿ? ತಮ್ಮ ಹಳೇ ಸಾಮಾನಿನ ಗುಡ್ಡೆಯಲ್ಲಿ! ನನಗೆ ಅದು ಗೊತ್ತಿಲ್ಲ, ಕೇಳಲೂ ಇಲ್ಲ. ಮಗಳು ಪೂಜಾಳನ್ನು ನೋಡಲು ಮುಂದಿನ ತಿಂಗಳು ಗಂಡಿನ ಕಡೆಯವರು ಬರುವವರಿದ್ದರು. ಈ ತುಕ್ಕಿನ ರಾಶಿ ನೋಡಿದರೆ ಬಂದವರು ಏನಂದುಕೊಂಡಾರು ಎಂದು ಗುಜರಿ ಗಾಡಿಯ ಬಕ್ಕೇಶನನ್ನು ಕರೆದು, "ಆ ಮೂಲ್ಯಾಗೆ ಇರೋದೆಲ್ಲ ತಗಂಡು ಹೋಗು, ಒಂದೂ ಬಿಡಬ್ಯಾಡ" ಎಂದೆ. ಅವನೂ ಪುಣ್ಯಾತ್ಮ, ಒಂದೂ ಬಿಡಲಿಲ್ಲ.

ಸಂಜೆ ಒಲೆ ಒಣಗಿದೆಯಾ ಎಂದು ಮುಟ್ಟಿ ನೋಡುವಾಗ ಹಂಚಿನ ನೆನಪಾಯಿತು. ಹಿತ್ತಲು, ಅಟ್ಟ, ಮಂಚದ ಕೆಳಗೆ, ಎಲ್ಲಾ ಕಡೆ ಹುಡುಕಿದೆ. ಬಕ್ಕೇಶನ ಫೋನು ಸ್ವಿಚ್ ಆಫ್. ಅಷ್ಟರಲ್ಲಿ ಇವರು ಪ್ರಸಾದ ಹಿಡಿದುಕೊಂಡು ಬಂದರು. ಖಾಲಿಯಾದ ಮೂಲೆ ನೋಡಿದರು, ನನ್ನ ಮುಖ ನೋಡಿದರು.

"ಹಂಚೂ ಹೋತಾ?"

"ಹೂಂ."

ಬೀಗ ಗಡಿಯಾರಗಳ ಸುದ್ದಿಯನ್ನೇ ಎತ್ತಲಿಲ್ಲ. ಪ್ರಸಾದ ನನ್ನ ಕೈಗೆ ಹಾಕಿ ಒಳಗೆ ಹೋದರು. ಬೈದಿದ್ದರೆ ನಾನೂ ತಿರುಗಿ ನಾಲ್ಕು ಬೈದು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ, ನನಗೆ ಅನ್ನ ಇಳಿಯಲಿಲ್ಲ.

ಮರುದಿನವೇ ಹೊಸ ಹಂಚು ತಂದೆವು. ತೆಳು ತಗಡು. ಒಂದು ಕಡೆ ಸೀಯುತ್ತದೆ, ಇನ್ನೊಂದು ಕಡೆ ಹಸಿ. ಎಲ್ಲರ ಮನೆ ದೋಸೆಯೂ ತೂತೇ ಅಂತಾರೆ, ನಮ್ಮದು ತೂತು ಬೀಳುವ ಮೊದಲೇ ಮುದ್ದೆಯಾಗುತ್ತಿತ್ತು. ಹಂಚು ಸರಿಯಿಲ್ಲ ಎಂದು ನಾನು ಗೊಣಗಿದ್ದಕ್ಕೆ ಒಬ್ಬ ಗಿರಾಕಿ, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದು ಎದ್ದು ಹೋದ. ಮೂವತ್ತೊಂದು ವರ್ಷ ಆ ಒಲೆ ಮುಂದೆ ನಿಂತವಳಿಗೆ ಈ ಮಾತು! ನಾಲ್ಕನೆಯ ದಿನ ನಾನೇ ಹೋಟೆಲಿನ ಬಾಗಿಲು ಹಾಕಿದೆ. ಅತ್ತೆಯ ಹಂಚು ಸಿಗದಿದ್ದರೆ ಆ ಬಾಗಿಲು ತೆಗೆಯುವ ಮುಖ ನನಗಿರಲಿಲ್ಲ.

ಬಕ್ಕೇಶನ ಫೋನು ಅಷ್ಟು ದಿನವೂ ಹತ್ತಲಿಲ್ಲ, ಸಿಕ್ಕರೆ ಭಾನುವಾರದ ಬಜಾರಿನಲ್ಲೇ. ಆ ಬೆಳಿಗ್ಗೆ ಇವರು ಚಪ್ಪಲಿ ಮೆಟ್ಟುವಾಗ "ನಾನೂ ಬರ್ತೀನ್ರಿ" ಎಂದೆ. ಇಷ್ಟು ವರ್ಷದಲ್ಲಿ ಮೊದಲ ಸಲ.

ಬಜಾರಿಗೆ ಹೋದರೆ ಅಲ್ಲಿ ಇವರದು ಬೇರೆಯೇ ದರ್ಬಾರು. "ಉಜ್ಜನಪ್ಪಾರು ಬಂದ್ರು, ಜಾಗ ಬಿಡ್ರಿ!" ಎಂದು ಈ ಕಡೆಯವನು ಕೂಗಿದರೆ, "ಸಾವ್ಕಾರ್ರೇ, ಇದೊಂಚೂರು ನೋಡಿ ಹೇಳ್ರಿ" ಎಂದು ಆ ಕಡೆಯವನು ಕೈ ಹಿಡಿದು ಎಳೆಯುತ್ತಾನೆ. ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಗೊತ್ತಿಲ್ಲದ ಮನುಷ್ಯ! ಒಬ್ಬ ಮುದುಕ ಮಸಿ ಹಿಡಿದ ತಟ್ಟೆಯೊಂದನ್ನು ಹಿತ್ತಾಳೆ ಗುಡ್ಡೆಗೆ ಎಸೆಯುವವನಿದ್ದ. ಇವರು ಇಸಿದುಕೊಂಡು ತಿರುಗಿಸಿ ತಳ ನೋಡಿದರು, ಮೂರು ಬೆರಳ ತುದಿಯಲ್ಲಿ ಹಿಡಿದು ಉಗುರಿನಿಂದ ಒಮ್ಮೆ ತಟ್ಟಿ ಕಿವಿ ಹತ್ತಿರ ತಂದರು. ಆ ಗದ್ದಲದಲ್ಲೂ ಅದರ ದನಿ ಸಣ್ಣಗೆ, ಬಹಳ ಹೊತ್ತು ಕೇಳಿತು.

"ಇದು ಹಿತ್ತಾಳಿ ಅಲ್ಲಜ್ಜ, ಕಂಚು. ತೂಕಕ್ಕೆ ಹಾಕಬ್ಯಾಡ, ಮೋಸ ಹೋಗ್ತೀಯ. ನಾಕು ಪಟ್ಟು ಬರ್ತೈತೆ."

ತಾವೇ ಹಿತ್ತಾಳೆ ಬೆಲೆಗೆ ಎತ್ತಿಕೊಂಡು ಬರಬಹುದಿತ್ತು, ಮುದುಕನಿಗೆ ಏನು ತಿಳಿಯುತ್ತಿತ್ತು? ಇಂಥವರನ್ನು ಇಷ್ಟು ದಿನ ನಾನು ಕಸದವರು ಅಂದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಬಕ್ಕೇಶ ಅಲ್ಲೇ ಸಿಕ್ಕಿದ. ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ಅಮ್ಮಾರೇ, ನೀವೇ ಒಂದೂ ಬಿಡಬ್ಯಾಡ ಅಂದ್ರಲ್ಲ! ಬೀಗ ಗೀಗ ಇಲ್ಲೇ ಅದಾವೆ. ದಪ್ಪ ಕಬ್ಬಿಣ ಎಲ್ಲ ಹರಿಹರಕ್ಕೆ ಹೋತು, ಗೋಣೆಪ್ಪಾರ ಗೋಡೌನಿಗೆ. ನಾಳೆ ಮಧ್ಯಾಹ್ನ ಲಾರಿ ತುಂಬ್ತಾರೆ. ಆಮ್ಯಾಲೆ ಕರಗಿಸೋದೇ."

ಮುಂದಿನ ಬಸ್ಸಿಗೇ ಹರಿಹರಕ್ಕೆ ಹೋದೆವು. ಗೋಣೆಪ್ಪನ ಗೋಡೌನು ನೋಡಿ ಬಾಗಿಲಲ್ಲೇ ನಿಂತುಬಿಟ್ಟೆ. ಎರಡಾಳೆತ್ತರ ಕಬ್ಬಿಣ. ಮುರಿದ ನೇಗಿಲು, ಪಂಪ್‌ಸೆಟ್ಟು, ಗೇಟು, ಸರಳು. ಇದರಲ್ಲಿ ಒಂದು ಹಂಚು ಹುಡುಕುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆಯೇ ಎಂದುಕೊಂಡೆ. ನಾನು ಸೀರೆ ಸೆರಗು ಸಿಕ್ಕಿಸಿ ಎಳೆಯಲು ಹೋದರೆ ಇವರು ತಡೆದರು.

"ತಡಿ. ಮೊದ್ಲು ನೋಡು."

ಕೈ ಹಿಂದೆ ಕಟ್ಟಿಕೊಂಡು ರಾಶಿಯನ್ನು ಒಂದು ಸುತ್ತು ಹಾಕಿದರು. ಎರಡನೆಯ ಸುತ್ತಿಗೆ ನೆಲ ನೋಡಿಕೊಂಡು ನಡೆದರು. ಒಂದು ಕಡೆ ಕುಕ್ಕರಗಾಲಲ್ಲಿ ಕೂತು ನನ್ನನ್ನು ಕರೆದರು. ಕರಿ ಇರುವೆಗಳ ಸಾಲೊಂದು ಗೋಡೆಯ ಬಿರುಕಿನಿಂದ ಹೊರಟು ನೇರವಾಗಿ ಕಬ್ಬಿಣದ ರಾಶಿಯೊಳಗೆ ಹೋಗುತ್ತಿತ್ತು.

"ಕಬ್ಬಿಣಕ್ಕೆ ಇರುವೆ ಯಾಕ ಬರ್ತಾವೆ ಕಸ್ತೂರಿ?"

ನನಗೆ ಅಳು ಬಂತು. ಅರವತ್ತು ವರ್ಷದ ಬೆಣ್ಣೆ! ಮೊಬೈಲಿನ ಬೆಳಕು ಬಿಟ್ಟು ಸರಳುಗಳ ಸಂದಿಯಲ್ಲಿ ಬಗ್ಗಿ ನೋಡಿದರೆ, ಇಲಿ ಕಚ್ಚಿದಂತಿದ್ದ ಆ ಅಂಚು ಕಾಣಿಸಿತು. ಎಲಾ ನನ್ನಪ್ಪಾ, ಏನು ಕಣ್ಣು, ಏನು ತಾಳ್ಮೆ! ಕೈಯೆತ್ತಿ ಮುಗಿಯಬೇಕೆನಿಸಿತು. ಮುಗಿಯಲಿಲ್ಲ, ಆಮೇಲೆ ಏರಿ ಕೂರುತ್ತಾರೆ.

ಗೋಣೆಪ್ಪ ಎಪ್ಪತ್ತರ ಹತ್ತಿರದವರು. ಹಣೆ ತುಂಬ ವಿಭೂತಿ, ಮಾತು ತುಂಬ ಮರ್ಯಾದೆ. ನಮ್ಮ ಕಥೆ ಕೇಳಿ, "ಕೂಡ್ರಿ ಕೂಡ್ರಿ" ಎಂದು ಚಾ ತರಿಸಿದರು. "ಇವತ್ತು ಆಳಿಲ್ರಿ. ನಾಳೆ ಬೆಳಿಗ್ಗೆ ತೆಗೆಸಿ ಇಟ್ಟಿರ್ತೀನಿ, ಬರ್ರಿ. ರೊಕ್ಕದ ಮಾತು ಬ್ಯಾಡ. ಅತ್ತೆ ಸಾಮಾನು ಹುಡಿಕ್ಕೊಂಡು ಬಂದೀರಿ, ನಿಮ್ಮಂಥ ಹೆಣ್ಮಗಳನ್ನ ನಾ ನೋಡಿಲ್ಲ. ಒಂದಿನ ಬಂದು ಎರಡು ದೋಸೆ ತಿಂತೀನಿ, ಅಷ್ಟೇ."

ಆ ದಿನ ಹೊಟ್ಟೆ ತುಂಬ ಉಂಡೆ. ಬೆಳಿಗ್ಗೆ ಲಗೇಜ್ ಆಟೋ ಮಾಡಿಕೊಂಡು ಎಂಟಕ್ಕೆಲ್ಲ ಹರಿಹರದಲ್ಲಿದ್ದೆವು.

ಬಾಗಿಲಲ್ಲೇ ಒಂದು ಹಲಗೆಯ ಮೇಲೆ ಏನೋ ಫಳಫಳ ಹೊಳೆಯುತ್ತಿತ್ತು. ಮೂರು ಬೆರಳು ವಿಭೂತಿ, ನಡುವೆ ಕುಂಕುಮ, ಮೇಲೊಂದು ದಾಸವಾಳ. ಪಕ್ಕದಲ್ಲಿ ತಂತಿ ಬ್ರಶ್ಶಿನ ಮಷೀನು. ನನಗೆ ಒಂದು ಕ್ಷಣ ತಿಳಿಯಲಿಲ್ಲ. ಅಂಚಿನ ಚೂರು ನೋಡಿದ ಮೇಲೆ ತಿಳಿಯಿತು.

"ಐದು ಗಂಟಿಗೇ ಬಂದು ನಾನೇ ಕೂತು ತಿಕ್ಕಿಸಿದೆ" ಎಂದರು ಗೋಣೆಪ್ಪ, ಮುಖವೆಲ್ಲ ನಗು. "ಕರೀ ಕಬ್ಬಿಣ ಹಂಗೇ ಮುತ್ತೈದೆ ಕೈಗೆ ಕೊಡಬಾರ್ದು ನೋಡ್ರಿ. ಎರಡೂ ಕಡೆ ಬೆಳ್ಳಿ ಮಾಡೀನಿ!"

ಅರವತ್ತು ವರ್ಷ! ಅತ್ತೆಯದು, ನನ್ನದು, ಎರಡು ಹೆಂಗಸರ ಕೈ ಬೆವರು ಮೂರು ತಾಸಿನಲ್ಲಿ ಪುಡಿಯಾಗಿ ಅಲ್ಲೇ ನೆಲದ ಮೇಲೆ ಬಿದ್ದಿತ್ತು. ನನ್ನ ಬಾಯಿಗೆ ಏನೇನು ಬಂತೋ ಅದನ್ನು ಇಲ್ಲಿ ಬರೆಯಲಾಗದು. ಅಷ್ಟರಲ್ಲಿ ಇವರು ನನ್ನ ಮಣಿಕಟ್ಟು ಹಿಡಿದು ಒತ್ತಿದರು. ಹಳೇ ಸಾಮಾನಿನ ಮಸಿಯನ್ನು ಒರೆಸಲೂ ಬಿಡದ ಮನುಷ್ಯ, ಗೋಣೆಪ್ಪನವರಿಗೆ ಕೈ ಮುಗಿದು, "ಭಾಳ ಕಷ್ಟ ತಗಂಡ್ರಿ. ದೋಸೆಗೆ ಬರ್ರಿ ಮತ್ತೆ" ಎಂದರು.

ಆಟೋದ ಹಿಂದೆ ಹಂಚಿನ ಪಕ್ಕ ಕೂತು ಅಳುತ್ತಿದ್ದೆ. "ಎಲ್ಲಾ ನನ್ನಿಂದ್ಲೇ ಆತು. ನಿಮ್ಮವ್ವನ ಮುಖ ಹೆಂಗೆ ನೋಡ್ಲಿ ನಾನು? ಗೋಡೆ ಮ್ಯಾಲಿನ ಫೋಟೊ ತಿರುಗಿಸಿಡ್ರಿ ಮೊದ್ಲು."

ಇವರು ಅಭ್ಯಾಸಬಲದಿಂದ ಹಂಚನ್ನು ಅಂಚಿನ ಮೇಲೆ ನಿಲ್ಲಿಸಿ ತಳ ನೋಡಿದರು. ನೋಡುತ್ತಲೇ ಇದ್ದರು.

"ಕಸ್ತೂರಿ, ಓದು."

ನಮ್ಮ ಕಡೆ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಚುಕ್ಕಿ ಚುಕ್ಕಿ ಹೊಡೆಸಿ ಹೆಸರು ಹಾಕಿಸುತ್ತೇವೆ. ಹಂಚಿನ ತಳದಲ್ಲಿ, ಇಷ್ಟು ವರ್ಷ ಮಸಿಯ ಕೆಳಗೆ ಮುಚ್ಚಿಹೋಗಿದ್ದ ಜಾಗದಲ್ಲಿ, ಮುದ್ದಾದ ಚುಕ್ಕಿಗಳು. "ಕೊಕ್ಕನೂರು ಊರಮ್ಮ." ಅದರ ಕೆಳಗೆ, ಮೊಳೆಯಿಂದ ಕುಟ್ಟಿದ ಸೊಟ್ಟ ಸೊಟ್ಟ ಅಕ್ಷರ. "ಹಾಲಮ್ಮ."

"ಯಾರ್ರೀ ಊರಮ್ಮ?"

"ನಮ್ಮ ಕಡೆ ಆ ಹೆಸರಿನೋರು ಯಾರೂ ಇಲ್ಲ. ಅವ್ವನ ತವರೂ ಅದಲ್ಲ, ಕೊಕ್ಕನೂರಾಗೆ ನಮ್ಗೆ ನೆಂಟ್ರೇ ಇಲ್ಲ." ಇವರು ಅಕ್ಷರದ ಮೇಲೆ ಬೆರಳಾಡಿಸಿದರು. "ಹೆಸರು ಹಾಕಿಸಿದ ಸಾಮಾನು ಯಾರೂ ಕೈಯಾರೆ ಕೊಡಲ್ಲ. ಅವ್ವ ಇದನ್ನ ಗುಜರ್ಯಾಗೆ ಹುಡುಕಿ ತಂದಾಳೆ, ಕಸ್ತೂರಿ. ಯಾರೋ ತೂಕಕ್ಕೆ ಹಾಕಿದ್ದನ್ನ."

ನಾನು ಆ ಹೆಸರನ್ನು ಇನ್ನೊಮ್ಮೆ ಓದಿದೆ. ಮೂವತ್ತೊಂದು ವರ್ಷ ಯಾವ ಅತ್ತೆಯ ಹೆಸರು ಹೇಳಿ ಇವರನ್ನು ಹಂಗಿಸಿದ್ದೆನೋ, ಆ ಅತ್ತೆಯೇ ಗುಜರಿಯ ರಾಶಿ ಕೆದಕಿದ ಹೆಂಗಸು! ಅಳುತ್ತಿದ್ದವಳಿಗೆ ನಗು ಬಂತು, ನಕ್ಕರೆ ಮತ್ತೆ ಅಳು. "ಊರ ಸಾಮಾನಿನ ತಳ ಎಲ್ಲ ನೋಡಿದ್ರಿ, ಮನೆ ಹಂಚಿನ ತಳ ನೋಡ್ಲಿಲ್ಲ ನೀವು" ಎಂದೆ.

"ಇನ್ನೊಂದು ನೋಡು. ಗುಜರ್ಯಾಗೆ ಬಿದ್ದಿದ್ದ ಹಂಚು ತುಕ್ಕು ಹಿಡಿಯದೆ ಇರ್ತೈತಾ? ಅವ್ವನೂ ಇದನ್ನ ಮೊದ್ಲು ಹಿಂಗೇ ತಿಕ್ಕಿ ಬೆಳ್ಳಗೆ ಮಾಡಿರ್ಬೇಕು. ಬೆಳ್ಳಗಿನ ಹಂಚಿಂದ್ಲೇ ಶುರು ಮಾಡ್ಯಾಳೆ." ನನ್ನ ಕಡೆ ತಿರುಗಿದರು. "ಅವ್ವನ ಕೈಲಾಗಿದ್ದು ನಿನ್ನ ಕೈಲಾಗಲ್ಲೇನು?"

ಸೆರಗಿನಿಂದ ಮೂಗು ಒರೆಸಿಕೊಂಡೆ. ಆ ಮಾತು ಕೇಳಿದ ಮೇಲೆ ಅಳುತ್ತ ಕೂರುವ ಹೆಂಗಸು ನಾನಲ್ಲ.

ಅಂದೇ ಸಂಜೆ ಹೊಸ ಒಲೆಗೆ ಉರಿ ಹಾಕಿದೆ. ಶೇಂಗಾ ಎಣ್ಣೆ ಸವರುವುದು, ಹೊಗೆಯಾಡುವ ತನಕ ಕಾಯಿಸುವುದು, ಆರಿಸುವುದು, ಅರ್ಧ ಹೆಚ್ಚಿದ ಈರುಳ್ಳಿಯಿಂದ ಉಜ್ಜುವುದು, ಬೆಣ್ಣೆ ಹಚ್ಚುವುದು. ದಿನಕ್ಕೆ ಹತ್ತು ಸಲ. ಮೊದಲ ವಾರ ದೋಸೆ ಚೂರುಚೂರಾಗಿ ಬಂತು, ಎರಡನೆಯ ವಾರ ಅರ್ಧ ಎದ್ದು ಅರ್ಧ ಹಿಡಿದುಕೊಂಡಿತು. ಕೆಟ್ಟ ದೋಸೆ ಅಷ್ಟೂ ಇವರೇ ತಿಂದರು. ಒಂದು ದಿನವೂ ಮುಖ ಕಿವಿಚಲಿಲ್ಲ. ಒಂದು ಭಾನುವಾರ ಬಜಾರಿನಿಂದ ಬರುವಾಗ ಹೆಸರು ಹೊಡೆಯುವ ಹಳೇ ಉಳಿಯೊಂದನ್ನು ತಂದು, "ನಿನ್ನ ಹೆಸ್ರು ಹಾಕ್ಲಾ?" ಎಂದರು.

"ಮುಟ್ಟಿದ್ರೆ ನೋಡ್ರಿ! ಮೊದ್ಲು ದೋಸೆ ಏಳ್ಲಿ."

ಇಪ್ಪತ್ತಮೂರನೆಯ ದಿನ ಹೋಟೆಲಿನ ಬಾಗಿಲು ತೆಗೆದೆವು. ಗೋಣೆಪ್ಪನವರು ಹರಿಹರದಿಂದ ಮೊದಲ ಬಸ್ಸಿಗೇ ಬಂದು ಒಲೆ ಕಾಣುವ ಟೇಬಲ್ಲಿನಲ್ಲೇ ಕೂತರು. ಹಿಟ್ಟು ಹುಯ್ದೆ, ಬೆಣ್ಣೆ ಬಿಟ್ಟೆ, ಉಸಿರು ಹಿಡಿದು ನಿಂತೆ. ಅಂಚು ಮೆಲ್ಲಗೆ ಬಿಟ್ಟಿತು. ಆಮೇಲೆ ಇಡೀ ದೋಸೆ, ಹೊಂಬಣ್ಣದ್ದು, ತಾನಾಗಿ ಎದ್ದು ಬಂತು. ಗಲ್ಲಾದಲ್ಲಿ ಕೂತಿದ್ದವರು ಎದ್ದು ನಿಂತಿದ್ದರು.

ಗೋಣೆಪ್ಪ ಎರಡು ಅಂದವರು ನಾಲ್ಕು ತಿಂದರು. ಬೆರಳು ನೆಕ್ಕಿ, "ನೋಡಿದ್ರ್ಯಾ? ನಾನು ಅಷ್ಟು ಚಂದಾಗಿ ತಿಕ್ಕಿ ಕೊಟ್ಟಿದ್ದಕ್ಕೇ ದೋಸೆ ಹಿಂಗೆ ಬಂದೈತೆ" ಎಂದರು.

ನಾನು ಇವರ ಮುಖ ನೋಡಿದೆ. "ಹೌದ್ರೀ, ನಿಮ್ಮ ಪುಣ್ಯ" ಎಂದೆ. ನನ್ನ ಬಾಯಿಂದ ಆ ಮಾತು ಬಂದದ್ದು ನನಗೇ ಆಶ್ಚರ್ಯ.

ಸಂಜೆ ಹಂಚು ಆರಿದ ಮೇಲೆ ಇಬ್ಬರೂ ಸೇರಿ ಬೋರಲು ಹಾಕಿದೆವು. ಇವರು ಒಂದು ಗೇಣು ಜಾಗದ ಮಸಿ ಕೆರೆದು ಉಳಿ ಸುತ್ತಿಗೆ ನನ್ನ ಕೈಗೆ ಕೊಟ್ಟರು. ಹಾಲಮ್ಮನ ಹೆಸರಿನ ಕೆಳಗೆ ಒಂದೊಂದೇ ಚುಕ್ಕಿ ಕುಟ್ಟತೊಡಗಿದೆ. ಉಳಿ ಜಾರಿ ನನ್ನದೂ ಅತ್ತೆಯ ಹಾಗೇ ಸೊಟ್ಟಗಾಗುತ್ತಿತ್ತು.

"ಸಣ್ಣಗೆ ಹಾಕು. ಕೆಳಗೆ ಜಾಗ ಬಿಡು" ಎಂದರು ಇವರು.

"ಯಾರಿಗೆ? ಪೂಜಾಗಾ?"

"ಪೂಜಾಗೋ, ಇಲ್ಲಾ ಯಾವುದೋ ಊರಾಗೆ ಗುಜರಿ ಮುಂದೆ ಕೂತು ತಳ ನೋಡೋಳಿಗೋ."

ನಾನು ಜಾಗ ಬಿಟ್ಟೆ.